ಅಪ್‌ಡೇಟ್: ನಂದಿ ಬೆಟ್ಟದ ಸವಾರಿಗೆ 2,640 ಮೀಟರ್ ಏರಿಕೆ ಬಂದ ಲೆಕ್ಕ

ಹೋದ ವಾರ ಕೇಳಿದ್ದೆ: ಮಲ್ಲೇಶ್ವರದಿಂದ ನಂದಿ ಬೆಟ್ಟಕ್ಕೆ ಸೈಕಲ್ಲಲ್ಲಿ ಹೋಗಿ ಬಂದರೆ, ಜಿಪಿಎಸ್ ದಾಖಲೆ ಓದೋಕೆ ನಾನು ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಒಟ್ಟು ಏರಿಕೆ (ದಾರಿಯಲ್ಲಿ ಹತ್ತಿದ್ದನ್ನೆಲ್ಲ ಕೂಡಿದ್ದು) 2,640 ಮೀಟರ್ ಅಂತ ಯಾಕೆ ತೋರಿಸುತ್ತೆ? ಬೆಂಗಳೂರೇ ಸುಮಾರು 920 ಮೀಟರ್ ಎತ್ತರದಲ್ಲಿದೆ, ನಂದಿ 1,478. ದಾರಿಯ ಉಬ್ಬುತಗ್ಗು ಸೇರಿಸಿದರೂ ಅಷ್ಟಾಗಲ್ಲ.

"ಸೈಕಲ್ ನಿಂತಿದ್ದಾಗಿನ ಡೇಟಾ ಮಾತ್ರ ನೋಡಿ" ಅಂದವರಿಗೆ ದೊಡ್ಡ ನಮಸ್ಕಾರ. ದೇವನಹಳ್ಳಿ ಹತ್ರ ಇಡ್ಲಿ ತಿನ್ನೋಕೆ 40 ನಿಮಿಷ ನಿಂತಿದ್ದೆವು. ಗೋಡೆಗೆ ಒರಗಿಸಿಟ್ಟ ಸೈಕಲ್ ಅಷ್ಟರಲ್ಲಿ 310 ಮೀಟರ್ ಹತ್ತಿತ್ತು! ಓದಿ ಮನೆಯವರೆಲ್ಲ ನಕ್ಕರು.

ಕಾರಣ ಇಷ್ಟು. ಉಪಗ್ರಹಗಳೆಲ್ಲ ನಮ್ಮ ತಲೆ ಮೇಲಿನ ಕಡೆಯೇ ಇರೋದರಿಂದ ಜಿಪಿಎಸ್‌ನಲ್ಲಿ ಎತ್ತರದ ಅಳತೆ ನೆಲದ ಮೇಲೆ ಎಲ್ಲಿದ್ದೀವಿ ಅನ್ನೋ ಅಳತೆಗಿಂತ ಹೆಚ್ಚು ಅಲುಗಾಡುತ್ತೆ. ನನ್ನ ಪ್ರೋಗ್ರಾಂ ಸೆಕೆಂಡಿಗೊಂದು ಬಿಂದು (ಆ ಕ್ಷಣದ ಜಾಗ, ಎತ್ತರ) ತಗೊಂಡು, ಮೇಲೆ ಹೋದದ್ದನ್ನಷ್ಟೇ ಕೂಡುತ್ತಿತ್ತು. ಕೆಳಗಿಳಿದದ್ದು ಲೆಕ್ಕಕ್ಕಿಲ್ಲ, ಹಾಗಾಗಿ ತಪ್ಪುಗಳು ಒಂದನ್ನೊಂದು ಹೊಡೆದು ಹಾಕೋದೇ ಇಲ್ಲ, ರಾಶಿಯಾಗುತ್ತವೆ.

ಈಗ 15 ಬಿಂದುಗಳ ಸರಾಸರಿ ತೆಗೆದು, ಹಿಂದಿನ ಸಲ ಲೆಕ್ಕಕ್ಕೆ ತಗೊಂಡ ಎತ್ತರಕ್ಕಿಂತ 3 ಮೀಟರ್ ವ್ಯತ್ಯಾಸವಾದರೆ ಮಾತ್ರ ಎಣಿಸ್ತೀನಿ. ಹಿಂದಿನ ಬಿಂದುವಿಗೆ ಹೋಲಿಸಬೇಡಿ, ಒಂದು ಸೆಕೆಂಡಲ್ಲಿ 3 ಮೀಟರ್ ಹತ್ತೋಕಾಗಲ್ಲ. ನಾನು ಮೊದಲು ಹಾಗೇ ಮಾಡಿದ್ದೆ, ಆಗ ನಿಧಾನದ ಏರೆಲ್ಲ ಮಾಯ. ಹೆಬ್ಬಾಳದ ಫ್ಲೈಓವರ್ ಕೂಡ ಲೆಕ್ಕದಲ್ಲಿ ಇರಲಿಲ್ಲ, ಕಾಲು ಮಾತ್ರ ಅದನ್ನ ಮರೆತಿರಲಿಲ್ಲ.

ಹೊಸ ಉತ್ತರ 940 ಮೀಟರ್, ಇಡ್ಲಿ ಹೊತ್ತಿಗೆ ಸೊನ್ನೆ. ಬರೋ ಭಾನುವಾರ ಗೆಳೆಯನ ವಾಚ್ (ಗಾಳಿಯ ಒತ್ತಡ ಅಳೆದು ಎತ್ತರ ಹೇಳೋದು) ಕಟ್ಟಿಕೊಂಡು ಅದೇ ದಾರೀಲಿ ಹೋಗ್ತೀನಿ.