ಬಿನೈನ್ ಗಂಟನ್ನು ‘ಹರಡದ ಗಂಟು’ ಅನ್ನಬಹುದೇ?

ಗೆಳೆಯರೇ,

ಸ್ತನದ ಗಂಟುಗಳ ಬಗ್ಗೆ ಹೆಂಗಸರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಬಯಾಪ್ಸಿ ವರದಿ ಕೈಗೆ ಬಂದವರಿಗೆ ಅದರಲ್ಲಿ ಏನಿದೆ ಅಂತ ತಿಳಿಯಬೇಕು. ಅದಕ್ಕೆ ಬೇಕಾದ ಕೆಲವು ಪದಗಳ ಬಗ್ಗೆ ನಿಮ್ಮ ಸಲಹೆ ಕೇಳುತ್ತಿದ್ದೇನೆ. ಮುಖ್ಯವಾಗಿ ಬಿನೈನ್ (ಕ್ಯಾನ್ಸರ್ ಅಲ್ಲದ್ದು) ಮತ್ತು ಮ್ಯಾಲಿಗ್ನೆಂಟ್ (ಕ್ಯಾನ್ಸರ್).

ಈಗ ಹಲವು ಜೋಡಿಗಳು ಓಡಾಡುತ್ತಿವೆ. ಸೌಮ್ಯ–ಮಾರಕ, ನಿರಪಾಯ–ಅಪಾಯಕಾರಿ, ಸಾಧು ಗಂಟು–ಕೆಟ್ಟ ಗಂಟು, ಹರಡದ–ಹರಡುವ. ಕೊನೆಯದು ಕಿವಿಗೆ ಹಿತವಾಗಿದೆ, ಅಚ್ಚಗನ್ನಡವೂ ಹೌದು. ಆದರೆ ನನಗೆ ಜಾಸ್ತಿ ತಕರಾರು ಇರುವುದು ಅದರ ಮೇಲೇ.

ಹಾಲಿನ ನಾಳವನ್ನು ಅಡ್ಡಕ್ಕೆ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎರಡು ಸಾಲು ಜೀವಕೋಶಗಳು ಕಾಣುತ್ತವೆ. ಒಳಸಾಲು ನಾಳದ ಒಳಮೈ. ಹೊರಸಾಲಿನ ಮಯೋಎಪಿಥೀಲಿಯಲ್ ಕೋಶಗಳು ಹಿಂಡಿ ಹಾಲನ್ನು ಮುಂದಕ್ಕೆ ತಳ್ಳುತ್ತವೆ. ಅದರಾಚೆಗೆ ತೆಳ್ಳನೆಯ ಒಂದು ಪೊರೆ. ಒಳಗಿನ ಕೋಶಗಳು ಕ್ಯಾನ್ಸರ್ ಆಗಿ ನಾಳವನ್ನೆಲ್ಲ ತುಂಬಿಕೊಂಡರೂ ಪೊರೆ ದಾಟದೇ ಇದ್ದರೆ ಅದು ಡಕ್ಟಲ್ ಕಾರ್ಸಿನೋಮಾ ಇನ್ ಸಿಟು, ಅಂದರೆ ಡಿಸಿಐಎಸ್. ದಾಟಿದೆಯೋ ಇಲ್ಲವೋ ಅಂತ ಅನುಮಾನ ಬಂದಾಗ ಪಿ63 ಅನ್ನುವ ಪ್ರೋಟೀನನ್ನು ತೋರಿಸುವ ಬಣ್ಣ ಹಾಕಿ ನೋಡುತ್ತಾರೆ. ಆಗ ಹೊರಸಾಲಿನ ಕೋಶಗಳ ನ್ಯೂಕ್ಲಿಯಸ್‌ಗಳು ಕಂದು ಚುಕ್ಕಿಗಳಾಗಿ ಎದ್ದು ಕಾಣುತ್ತವೆ. ನಾಳದ ಸುತ್ತ ಚುಕ್ಕಿಗಳ ಸಾಲು ಇದ್ದರೆ ರೋಗ ಇನ್ನೂ ಒಳಗೇ ಇದೆ. ಕ್ಯಾನ್ಸರ್ ಕೋಶಗಳ ಗುಂಪಿನ ಸುತ್ತ ಚುಕ್ಕಿಗಳೇ ಇಲ್ಲ ಅಂದರೆ ಅವು ಹೊರಗೆ ಬಂದಿವೆ ಅಂತ ಲೆಕ್ಕ.

ಈಗ ಯೋಚಿಸಿ. ಡಿಸಿಐಎಸ್ ಇರುವವರಿಗೆ ಡಾಕ್ಟರ್ ‘ಹರಡಿಲ್ಲ’ ಅಂತ ಹೇಳುತ್ತಾರೆ. ಪೊರೆ ದಾಟಿದ್ದರೂ ಕಂಕುಳಿನ ಗ್ರಂಥಿಗಳಿಗೆ ಹೋಗಿರದ ಕ್ಯಾನ್ಸರ್ ಇದ್ದವರಿಗೂ ‘ಹರಡಿಲ್ಲ’ ಅಂತಲೇ ಹೇಳುತ್ತಾರೆ. ಇನ್ನು ಫೈಬ್ರೋಅಡಿನೋಮಾ ಅನ್ನುವ ಬಿನೈನ್ ಗಂಟು ಇರುವ ಇಪ್ಪತ್ತರ ಹುಡುಗಿಗೂ ‘ಹರಡದ ಗಂಟು’ ಅಂದರೆ ಮೂವರಿಗೂ ಒಂದೇ ಮಾತು ಹೇಳಿದ ಹಾಗಾಯಿತು. ಹುಡುಗಿಯ ಗಂಟು ನುಣುಪಾಗಿ ಬೆರಳಿನ ಕೆಳಗೆ ಜಾರುತ್ತದೆ. ಚಿಕ್ಕದಿದ್ದರೆ ಎಷ್ಟೋ ಸಲ ಆಗಾಗ ಪರೀಕ್ಷೆ ಮಾಡಿಸುತ್ತಿದ್ದರೆ ಸಾಕು. ಉಳಿದಿಬ್ಬರಿಗೆ ಸಾಮಾನ್ಯವಾಗಿ ಆಪರೇಷನ್ ಬೇಕು. ವರದಿ ಹಿಡಿದು ಕೂತವರು ಪಕ್ಕದವರ ಜೊತೆ ಹೋಲಿಸಿ ನೋಡೇ ನೋಡುತ್ತಾರೆ. ಅಲ್ಲಿ ಗೊಂದಲ ಆಗಬಾರದು.

ಹಾಗಾಗಿ ‘ಹರಡು’ ಅನ್ನುವುದನ್ನು ಮೆಟಾಸ್ಟಾಸಿಸ್‌ಗೆ, ಅಂದರೆ ಕ್ಯಾನ್ಸರ್ ಬೇರೆ ಜಾಗಕ್ಕೆ ಹೋಗಿ ನೆಲೆಸುವುದಕ್ಕೆ, ಮಾತ್ರ ಮೀಸಲಿಡೋಣ ಅನ್ನುವುದು ನನ್ನ ಸಲಹೆ. ಬಿನೈನ್‌ಗೆ ನೇರವಾಗಿ ‘ಕ್ಯಾನ್ಸರ್ ಅಲ್ಲದ’, ಡಿಸಿಐಎಸ್‌ಗೆ ‘ನಾಳದೊಳಗಿನ ಕ್ಯಾನ್ಸರ್’, ಇನ್ವೇಸಿವ್‌ಗೆ ‘ಪೊರೆ ದಾಟಿದ ಕ್ಯಾನ್ಸರ್’. ‘ಪೊರೆ’ ಅಂದ ಕೂಡಲೇ ನಮ್ಮ ಜನಕ್ಕೆ ಕಣ್ಣಿನ ಪೊರೆ ನೆನಪಾಗುತ್ತದೆ ಅನ್ನುವ ಅಳುಕು ಇದೆ. ‘ಒಳನುಗ್ಗುವ’ ಅಂತ ಬರೆಯಬಹುದಿತ್ತು. ಆದರೆ ನಾಳದ ಕಡೆಯಿಂದ ನೋಡಿದರೆ ಅದು ಹೊರಕ್ಕೆ ನುಗ್ಗುವುದು ಅಲ್ವಾ? ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

‘ಮಾರಕ’ವನ್ನು ಬಿಟ್ಟೇ ಬಿಡಬೇಕು. ಪೆಥಾಲಜಿಯಲ್ಲಿ ಮ್ಯಾಲಿಗ್ನೆಂಟ್ ಅಂದರೆ ಕೋಶಗಳ ನಡತೆಯ ಮಾತು. ಎಲ್ಲೆ ಮೀರುವ, ಬೇರೆ ಅಂಗಕ್ಕೆ ಹೋಗಿ ನೆಲೆಸುವ ಶಕ್ತಿ ಅವಕ್ಕಿದೆ ಅಂತ ಅರ್ಥ. ಸಾವು ಆ ಪದದ ಒಳಗಿಲ್ಲ. ಬೇಗ ಪತ್ತೆಯಾದ ಸ್ತನ ಕ್ಯಾನ್ಸರ್ ಗುಣವಾಗಿ ನೆಮ್ಮದಿಯಾಗಿ ಬದುಕುತ್ತಿರುವವರು ಬಹಳ ಜನ ಇದ್ದಾರೆ. ಕ್ಯಾನ್ಸರ್‌ಗಳಲ್ಲೂ ನಿಧಾನದವು, ರಭಸದವು ಅಂತ ಇವೆ. ಅದನ್ನು ಅಳೆಯುವ ನಾಟಿಂಗ್‌ಹ್ಯಾಮ್ ಪದ್ಧತಿಯಲ್ಲಿ ಮೂರು ಲಕ್ಷಣ ನೋಡುತ್ತಾರೆ: ಕೋಶಗಳು ಇನ್ನೂ ನಾಳದ ಆಕಾರ ಕಟ್ಟುತ್ತಿವೆಯೇ, ನ್ಯೂಕ್ಲಿಯಸ್ ಎಷ್ಟು ಕೆಟ್ಟಿದೆ, ಎಷ್ಟು ಕೋಶಗಳು ಒಡೆದು ಎರಡಾಗುತ್ತಿವೆ. ಒಂದೊಂದಕ್ಕೂ 1ರಿಂದ 3 ಅಂಕ. ಒಟ್ಟು 5ರೊಳಗಿದ್ದರೆ ಗ್ರೇಡ್ 1, 6 ಅಥವಾ 7 ಬಂದರೆ ಗ್ರೇಡ್ 2, 8 ಅಥವಾ 9 ಬಂದರೆ ಗ್ರೇಡ್ 3. ಇಷ್ಟು ನಯವಾಗಿ ಅಳೆಯುವ ರೋಗಕ್ಕೆ ಮೊದಲ ಸಾಲಿನಲ್ಲೇ ‘ಮಾರಕ’ ಅಂತ ಮುದ್ರೆ ಒತ್ತುವುದು ಅನ್ಯಾಯ. ಹೆದರಿದವರು ಚಿಕಿತ್ಸೆಗೇ ಬರದೆ ಹೋಗಬಹುದು.

‘ಸೌಮ್ಯ’, ‘ನಿರಪಾಯ’ ಕೂಡ ಪೂರ್ತಿ ನಿಜವಲ್ಲ. 1985ರಲ್ಲಿ ಡೂಪಾಂಟ್ ಮತ್ತು ಪೇಜ್ ಅಮೆರಿಕದಲ್ಲಿ 3 ಸಾವಿರಕ್ಕೂ ಜಾಸ್ತಿ ಹೆಂಗಸರ ಬಿನೈನ್ ಬಯಾಪ್ಸಿಗಳನ್ನು ಮತ್ತೆ ನೋಡಿ, ಆಮೇಲೆ ಯಾರಿಗೆ ಕ್ಯಾನ್ಸರ್ ಬಂತು ಅಂತ ಲೆಕ್ಕ ಹಾಕಿದರು. ಶೇ. 70ರಷ್ಟು ಜನರಿಗೆ ಅಪಾಯ ಏನೂ ಹೆಚ್ಚಿರಲಿಲ್ಲ. ಆದರೆ ಅಟಿಪಿಕಲ್ ಹೈಪರ್‌ಪ್ಲೇಸಿಯಾ (ಕೋಶಗಳು ಜಾಸ್ತಿಯಾಗಿ, ರೂಪವೂ ಬದಲಾಗಿರುವುದು) ಇದ್ದವರಿಗೆ ಅಪಾಯ ಹಲವು ಪಟ್ಟು ಇತ್ತು. ಈಗ ಸುಮಾರು 4 ಪಟ್ಟು ಅಂತ ಹೇಳುತ್ತಾರೆ. ಅದೂ ಬಿನೈನ್ ಪಟ್ಟಿಯಲ್ಲೇ ಇರುವುದು. ಸ್ತನದಲ್ಲಿ ಅಪರೂಪಕ್ಕೆ ಬರುವ ಫಿಲ್ಲೋಡಿಸ್ ಗಡ್ಡೆಯೂ ಹಾಗೆಯೇ. ಬಿನೈನ್ ಅಂತ ವರದಿ ಬಂದರೂ ತೆಗೆದ ಜಾಗದಲ್ಲೇ ಮತ್ತೆ ಬೆಳೆಯಬಹುದು. ಅದಕ್ಕೇ ‘ಕ್ಯಾನ್ಸರ್ ಅಲ್ಲದ’ ಅನ್ನುವುದು ಒಳ್ಳೆಯದು ಅಂದೆ. ಇರುವಷ್ಟನ್ನೇ ಅದು ಹೇಳುತ್ತದೆ, ಇಲ್ಲದ ಭರವಸೆ ಕೊಡುವುದಿಲ್ಲ.

ಗಂಟು, ಗಡ್ಡೆ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳೋಣ. ‘ಗಡ್ಡೆ’ ಅಂದರೆ ಊರ ಕಡೆ ಅರ್ಧ ಕ್ಯಾನ್ಸರ್ ಅಂತಲೇ ಕೇಳಿಸುತ್ತದೆ. ಕೈಗೆ ಸಿಗುವುದೆಲ್ಲ ಗಂಟು, ಅದರಲ್ಲಿ ಕೆಲವು ಮಾತ್ರ ಗಡ್ಡೆ (ಟ್ಯೂಮರ್). ಏಟು ಬಿದ್ದು ಕೊಬ್ಬು ಸತ್ತರೂ ಗಂಟಾಗುತ್ತದೆ. ಅದು ಗಟ್ಟಿಯಾಗಿ, ಚರ್ಮವನ್ನು ಒಳಗೆ ಎಳೆದುಕೊಂಡು, ಥೇಟ್ ಕ್ಯಾನ್ಸರ್ ಹಾಗೇ ಕಾಣಬಹುದು. ಸ್ತನಕ್ಕೆ ಬರುವ ಟಿಬಿಯೂ ಹಾಗೆ ಮೋಸ ಮಾಡುತ್ತದೆ. ಲಂಡನ್ನಿನ ಸರ್ಜನ್ ಆಸ್ಟ್ಲಿ ಕೂಪರ್ ಅದನ್ನು 1829ರಷ್ಟು ಹಿಂದೆಯೇ ವಿವರಿಸಿದ್ದಾರೆ. ಇವೆರಡನ್ನೂ ಗಡ್ಡೆ ಅನ್ನುವುದು ತಪ್ಪು. ಸ್ತನ ಊದಿ ಕೆಂಪಾಗಿ ನೋಯುವ ಮ್ಯಾಸ್ಟೈಟಿಸ್‌ಗೆ ‘ಬಾವು’ ಸಾಕು. ಹಸು ಸಾಕಿದವರಿಗೆಲ್ಲ ಕೆಚ್ಚಲು ಬಾವು ಗೊತ್ತಿರುವುದರಿಂದ ವಿವರಿಸುವ ಕೆಲಸವೇ ಇಲ್ಲ.

ಕ್ಯಾನ್ಸರ್‌ಗೆ ‘ಏಡಿಗಂತಿ’ ಚೆನ್ನಾದ ಪದ, ಈ ರೋಗಕ್ಕೆ ಏಡಿಯ ಹೆಸರಿಟ್ಟ ಗ್ರೀಕರ ಏಡಿಯನ್ನು ಹಾಗೇ ಉಳಿಸಿಕೊಂಡಿದೆ. ಆದರೆ ರೋಗಿಗಳು ಯಾರೂ ಹಾಗೆ ಹೇಳುವುದಿಲ್ಲ. ತಮಿಳಿನವರು ಪುಟ್ರುನೋಯ್ ಅನ್ನುತ್ತಾರೆ. ಆ ‘ಪುಟ್ರು’ ನಮ್ಮ ‘ಹುತ್ತ’ದ ಒಡಹುಟ್ಟು. ಮಲಯಾಳಿಗಳಿಗೆ ಅರ್ಬುದ ಮನೆಮಾತು. ನಮ್ಮಲ್ಲಿ ಕ್ಯಾನ್ಸರ್ ಅಂತಲೇ ನೆಲೆನಿಂತಿದೆ, ಅದೇ ಇರಲಿ.

ಇನ್ನು ಅಂಗದ ಹೆಸರು. ‘ಮೊಲೆಹಾಲು’ ಅನ್ನಲು ಯಾರಿಗೂ ಸಂಕೋಚ ಇಲ್ಲ, ಬರೀ ‘ಮೊಲೆ’ ಅಂದರೆ ಮುಜುಗರ. ‘ಎದೆ’ ಅಂತ ಬರೆದರೆ ಎದೆನೋವು, ಹೃದಯದ ಕಾಯಿಲೆ ಎಲ್ಲ ಕಲಸಿಹೋಗುತ್ತದೆ. ಸದ್ಯ ‘ಸ್ತನ’ ಅಂತಲೇ ಬರೆದಿದ್ದೇನೆ. ನಿಮ್ಮ ಕಡೆ ಹೆಂಗಸರು ಡಾಕ್ಟರ ಮುಂದೆ ಏನನ್ನುತ್ತಾರೆ ಅಂತ ತಿಳಿಸಿದರೆ ಉಪಕಾರ. ಉತ್ತರ ಕರ್ನಾಟಕದವರ, ಕರಾವಳಿಯವರ ಮಾತು ಮುಖ್ಯವಾಗಿ ಬೇಕು.

ಕೊನೆಯ ತೊಡಕು ಲೋಬ್ಯುಲಾರ್ ಕಾರ್ಸಿನೋಮಾ ಇನ್ ಸಿಟು, ಅಂದರೆ ಹಾಲು ತಯಾರಾಗುವ ಲೋಬ್ಯುಲ್‌ಗಳ ಒಳಗೆ ಕೋಶಗಳು ಕೆಟ್ಟು ತುಂಬಿಕೊಳ್ಳುವುದು. ಹೆಸರಿನಲ್ಲೇ ಕಾರ್ಸಿನೋಮಾ ಇದೆ. ಆದರೆ 2018ರಿಂದ ಜಾರಿಯಲ್ಲಿರುವ ಎಜೆಸಿಸಿ (ಕ್ಯಾನ್ಸರ್ ಹಂತಗಳನ್ನು ಗೊತ್ತುಮಾಡುವ ಅಮೆರಿಕದ ಸಮಿತಿ) 8ನೇ ಆವೃತ್ತಿಯ ಹಂತಗಳ ಪಟ್ಟಿಯಲ್ಲಿ ಅದನ್ನು ಕ್ಯಾನ್ಸರ್ ಅಂತ ಎಣಿಸುವುದಿಲ್ಲ. ಮುಂದೆ ಎರಡರಲ್ಲಿ ಯಾವ ಸ್ತನಕ್ಕಾದರೂ ಕ್ಯಾನ್ಸರ್ ಬರುವ ಸಂಭವ ಜಾಸ್ತಿ ಅನ್ನುವುದರ ಗುರುತು ಅದು. ‘ಕ್ಯಾನ್ಸರ್ ಅಲ್ಲದ’ ಅಂತ ನಾನು ಬರೆದರೆ ವರದಿಯ ಹೆಸರೇ ಅದಕ್ಕೆ ಎದುರು ನಿಲ್ಲುತ್ತದೆ. ‘ಎಚ್ಚರಿಕೆಯ ಕೋಶಗಳು’ ಅಂತ ಒಂದು ಯೋಚನೆ ಇದೆ. ಅಟಿಪಿಕಲ್‌ಗೂ ಅದೇ ಪದ ಹೊಂದಬಹುದು. ‘ಅಸಹಜ’ ಅನ್ನುವುದು ನನಗೆ ಬೇಡ, ಅದು ಹೆಂಗಸನ್ನೇ ಅಂದ ಹಾಗೆ ಕೇಳಿಸುತ್ತದೆ. ಇದಕ್ಕೆ ನಿಮ್ಮಲ್ಲಿ ಯಾವ ಪದ ಇದೆ?