ದತ್ತು ಮಗು, ಓದದ ಅಪ್ಪ-ಅಮ್ಮ, ಕಾಲೇಜು: ಗೊತ್ತಿರೋರು ಅನುಭವ ಹೇಳಿ

ಕೇಳಿದ್ದು: ತಿಪಟೂರಿನ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಮ್ಮೆಜಮಾನ್ರು ಎಸ್ಸೆಸ್ಸೆಲ್ಸಿ, ಬೈಕ್ ಗ್ಯಾರೇಜ್ ಇಟ್ಕೊಂಡಿದಾರೆ. ನಾನು ಪಿಯುಸಿಲಿ ಇಂಗ್ಲಿಷ್ ಹೋಗಿ ಅಲ್ಲಿಗೇ ಓದು ಬಿಟ್ಟೋಳು. ಮದ್ವೆ ಆಗಿ ಹನ್ನೊಂದು ವರ್ಷ ಆಯ್ತು, ಮಗು ದತ್ತು ತಗೋಳೋಣ ಅಂತ ಕಾರಾದಲ್ಲಿ (ದತ್ತು ನೋಡ್ಕೊಳೋ ಕೇಂದ್ರ ಸರ್ಕಾರದ ಸಂಸ್ಥೆ) ರಿಜಿಸ್ಟರ್ ಮಾಡ್ಸಿದೀವಿ, ಮನೆಗೆ ಬಂದು ವಿಚಾರ್ಸೋ ಹೋಮ್ ಸ್ಟಡಿನೂ ಮುಗೀತು, ಈಗ ಕಾಯೋದೇ ಕೆಲ್ಸ. ಈ ಮಧ್ಯ ನಮ್ಮತ್ತೆ "ಯಾರ ರಕ್ತನೋ ಏನೋ, ವಿದ್ಯೆ ಹತ್ತುತ್ತೋ ಇಲ್ವೋ" ಅಂತಾರೆ, ನಮ್ಮಣ್ಣ "ನೀವೇ ಓದಿಲ್ಲ, ಅದನ್ನೇನ್ ಓದುಸ್ತೀರಾ" ಅಂತಾನೆ. ಇಬ್ರ ಮಾತೂ ಕೇಳಿ ಕೇಳಿ ತಲೆ ಕೆಟ್ಟೋಗಿದೆ. ದತ್ತು ತಗೊಂಡೋರು, ಓದದೇ ಇರೋ ಮನೆಯಿಂದ ಬಂದು ಓದಿದೋರು ದಯವಿಟ್ಟು ಹೇಳಿ.

ಉತ್ತರ 1: ಎಕನಾಮಿಕ್ಸ್ ಮೇಷ್ಟ್ರು

ಅಕ್ಕ, ನಿಮ್ಮತ್ತೆ ಮತ್ತೆ ನಿಮ್ಮಣ್ಣನ ಜಗಳಾನೇ ಇಟ್ಕೊಂಡು ಒಬ್ರು ಎಕನಾಮಿಸ್ಟ್ ಸ್ಟಡಿ ಮಾಡಿದಾರೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಬ್ರೂಸ್ ಸ್ಯಾಸರ್ಡೋಟ್ ಅಂತ, ಪೇಪರ್ ಬಂದಿದ್ದು 2007ರಲ್ಲಿ. ನಾನು ಡಿಗ್ರಿ ಹುಡುಗ್ರಿಗೆ ಪ್ರತಿ ವರ್ಷ ಇದನ್ನ ಹೇಳ್ತೀನಿ, ಕೊನೇ ಬೆಂಚೂ ಎದ್ದು ಕೂರುತ್ತೆ.

ಸಾಮಾನ್ಯವಾಗಿ ಏನಾಗುತ್ತೆ ಅಂದ್ರೆ ಓದಿದೋರ ಮಕ್ಳು ಕಾಲೇಜಿಗೆ ಹೋಗ್ತಾರೆ, ಅದು ಎಲ್ರಿಗೂ ಗೊತ್ತು, ಆದ್ರೆ ಅದು ರಕ್ತದಿಂದ ಬಂತೋ ಮನೇಲಿ ಬೆಳೆದಿದ್ದಕ್ಕೆ ಬಂತೋ ಬಿಡಿಸಿ ನೋಡೋಕಾಗಲ್ಲ, ಎರಡನ್ನೂ ಕೊಟ್ಟೋರು ಅದೇ ಅಪ್ಪ-ಅಮ್ಮ ತಾನೆ. ಇದನ್ನ ಬಿಡಿಸಿ ನೋಡೋಕೆ ಈ ಎಕನಾಮಿಸ್ಟಿಗೆ ಸಿಕ್ಕಿದ್ದು ಹೋಲ್ಟ್ ಅನ್ನೋ ದತ್ತು ಸಂಸ್ಥೆ. ಕೊರಿಯಾ ಯುದ್ಧ ಆದ್ಮೇಲೆ 1955ರಲ್ಲಿ ಆರೆಗನ್ ರಾಜ್ಯದ ಹ್ಯಾರಿ ಮತ್ತೆ ಬರ್ಥಾ ಹೋಲ್ಟ್ ಅನ್ನೋ ದಂಪತಿ ಎಂಟು ಕೊರಿಯನ್ ಮಕ್ಕಳನ್ನ ದತ್ತು ತಗೊಂಡ್ರು, ಆಮೇಲೆ ಬೇರೆ ಮನೆಗಳಿಗೂ ದತ್ತು ಕೊಡ್ಸೋಕೆ ಸಂಸ್ಥೇನೇ ಶುರು ಮಾಡಿದ್ರು. ಅಲ್ಲಿ ಯಾವ ಮಗೂಗೆ ಯಾವ ಮನೆ ಅಂತ ನೋಡಿ ಜೋಡಿ ಮಾಡ್ತಿರ್ಲಿಲ್ಲ, ದತ್ತು ಕೇಳಿದೋರ ಫೈಲ್ ಯಾವ ಸಾಲಲ್ಲಿ ಬಂತೋ ಆ ಸಾಲಲ್ಲೇ, ರೇಷನ್ ಅಂಗಡಿ ಕ್ಯೂ ಇದ್ದಂಗೆ. ಮುಂದಿನ ಮಗು ಮುಂದಿನ ಫೈಲಿಗೆ. ಹಂಗಾಗಿ ಯಾವ ಮಗು ಡಾಕ್ಟರ್ ಮನೆಗೆ ಹೋಯ್ತು, ಯಾವುದು ಲಾರಿ ಡ್ರೈವರ್ ಮನೆಗೆ ಹೋಯ್ತು ಅನ್ನೋದು ಹೆಚ್ಚುಕಮ್ಮಿ ಲಾಟರಿ. ಆ ಮನೆಗಳಲ್ಲಿ ಸ್ವಂತ ಮಕ್ಳೂ ಇದ್ರು, ಹೋಲಿಸಿ ನೋಡೋಕೆ ಇನ್ನೂ ಅನುಕೂಲ ಆಯ್ತು.

ಈಗ ಲೆಕ್ಕ. ತಾಯಿ ಡಿಗ್ರಿ ಮಾಡಿದ್ರೆ, ಹೊಟ್ಟೇಲಿ ಹುಟ್ಟಿದ ಮಕ್ಳಲ್ಲಿ ಡಿಗ್ರಿ ಮುಗ್ಸೋರು ನೂರಕ್ಕೆ 26 ಜನ ಜಾಸ್ತಿ. ದತ್ತು ಮಕ್ಳಲ್ಲಿ 7 ಜನ ಮಾತ್ರ ಜಾಸ್ತಿ. ನಿಮ್ಮತ್ತೆ ಇದನ್ನ ಓದಿದ್ರೆ "ನಾನ್ ಹೇಳ್ಲಿಲ್ವಾ" ಅಂತಾರೆ. ಆದ್ರೆ ಸ್ವಲ್ಪ ತಿರುಗಿಸಿ ನೋಡಿ ಅಕ್ಕ, ನಿಮ್ಮಣ್ಣನ ವಾದ ಬಿದ್ದೋಗೋದೂ ಇದೇ ನಂಬರಿಗೆ. ಸಾಕಿದ ತಾಯಿಗೆ ಡಿಗ್ರಿ ಇಲ್ಲ ಅಂತ ಆ ಮಗು ಕಳ್ಕೊಳೋದು ನೂರಕ್ಕೆ ಏಳು, ಅಷ್ಟೇ.

ಹಂಗಂತ ಮನೆ ಲೆಕ್ಕಕ್ಕೇ ಇಲ್ಲ ಅಂತಲ್ಲ. ಇಬ್ರೂ ಡಿಗ್ರಿ ಮಾಡಿರೋ, ಮೂರು ಅಥವಾ ಅದಕ್ಕಿಂತ ಕಮ್ಮಿ ಮಕ್ಳಿರೋ ಮನೆಗೆ ಹೋದ ಮಗು, ಅಷ್ಟು ಓದಿರದ, ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಮಕ್ಳಿರೋ ಮನೆಗೆ ಹೋದ ಮಗುಗಿಂತ ಡಿಗ್ರಿ ಮುಗ್ಸೋದು ನೂರಕ್ಕೆ 16ರಷ್ಟು ಜಾಸ್ತಿ. ಇಲ್ಲಿ ಅತ್ತೆಗೆ ಸೋಲು. ನನಗೆ ಆಶ್ಚರ್ಯ ಆಗಿದ್ದು ಇನ್ನೊಂದು, ಅಪ್ಪ-ಅಮ್ಮನ ದುಡಿಮೆ, ಯಾವ ಏರಿಯಾದಲ್ಲಿ ಮನೆ, ಇವಕ್ಕಿಂತ ಮನೇಲಿ ಎಷ್ಟು ಮಕ್ಳಿದಾರೆ ಅನ್ನೋದೇ ಜಾಸ್ತಿ ಲೆಕ್ಕಕ್ಕೆ ಬಂತು. ಇನ್ನು ಕುಡಿಯೋದು ಸಿಗರೇಟ್ ಸೇದೋದು ಇದ್ಯಲ್ಲ, ಅದು ಅಪ್ಪ-ಅಮ್ಮನಿಂದ ಸ್ವಂತ ಮಕ್ಳಿಗೆ ಎಷ್ಟು ಬರುತ್ತೋ ದತ್ತು ಮಕ್ಳಿಗೂ ಅಷ್ಟೇ ಬರುತ್ತೆ, ಅದಕ್ಕೆ ರಕ್ತ ಬೇಕಾಗಿಲ್ಲ, ಮನೇಲಿ ನೋಡಿದ್ರೆ ಸಾಕು. ನಿಮ್ಮೆಜಮಾನ್ರ ಮಾರ್ಕ್ಸ್ ಕಾರ್ಡ್‌ಗಿಂತ ಜೇಬಲ್ಲೇನಿದೆ ನೋಡ್ಕೊಳ್ಳಿ 🙂

ಒಂದು ಮಾತು ಮಾತ್ರ ನೆನಪಿಟ್ಕೊಳ್ಳಿ, ಅಲ್ಲಿ ದತ್ತು ಕೊಡೋಕ್ ಮುಂಚೆ ಇಷ್ಟು ಆದಾಯ ಇರ್ಲೇಬೇಕು ಅಂತ ನೋಡಿನೇ ಮನೆ ಒಪ್ತಿದ್ರು. ತೀರಾ ಇಲ್ಲದೋರ ಮನೆ ಆ ಲೆಕ್ಕದಲ್ಲೇ ಇಲ್ಲ. ಹೊಟ್ಟೆಗಿಲ್ಲದ ಮನೇಲಿ ಏನಾಗುತ್ತೆ ಅಂತ ಈ ಸ್ಟಡಿ ಹೇಳಲ್ಲ.

ಉತ್ತರ 2: ಮೈಸೂರಿನ ಅಮ್ಮ

ನಮ್ ಮಗಳು ಎಂಟು ತಿಂಗಳ ಕೂಸಾಗಿದ್ದಾಗ ಬಂದ್ಲು, ಈಗ ಹತ್ತೊಂಬತ್ತು. ನಾನು ಬಿಕಾಂ, ಇವ್ರು ಇಂಜಿನಿಯರ್, ಮೇಷ್ಟ್ರ ಲೆಕ್ಕದ ಪ್ರಕಾರ ನಮ್ದು ಫಸ್ಟ್ ಕ್ಲಾಸ್ ಮನೆ, ಒಂದೇ ಮಗು ಬೇರೆ. ಅವ್ಳು ಹತ್ತನೇ ಕ್ಲಾಸ್ ಆದ್ಮೇಲೆ ಪಿಯುಸಿ ಬೇಡ್ವೇ ಬೇಡ ಅಂತ ಡಿಪ್ಲೊಮಾಗೆ ಸೇರ್ಕೊಂಡ್ಲು, ನಾವಿಬ್ರೂ ಒಂದು ವಾರ ಸರಿಯಾಗಿ ಊಟ ಮಾಡ್ಲಿಲ್ಲ. ಈಗ ಬೀದೀಲಿ ಯಾರ ಮನೆ ಮಿಕ್ಸಿ ಕೆಟ್ರೂ ಇವಳ ಹತ್ರಾನೇ ಬರುತ್ತೆ. ಎಲ್ಲಿಂದ ಬಂತೋ ಈ ವಿದ್ಯೆ, ನಮ್ಮನೇಲಿ ಬಲ್ಬ್ ಹಾಕೋಕೂ ಜನ ಕರೀತಿದ್ವಿ.

ಕಾಲೇಜ್ ಚಿಂತೆ ಆಮೇಲೆ ಮಾಡಿ, ಅದಕ್ಕಿಂತ ಮುಂಚೆ ಒಂದು ದಿನ ಬರುತ್ತೆ. ನಾಲ್ಕನೇ ಕ್ಲಾಸಲ್ಲಿ ವಂಶವೃಕ್ಷ ಬರ್ಕೊಂಡ್ ಬನ್ನಿ ಅಂತ ಹೋಮ್‌ವರ್ಕ್ ಕೊಟ್ಟಿದ್ರು. ಚಾರ್ಟ್ ಶೀಟ್ ಮೇಲೆ ಅಜ್ಜಿ ತಾತ ಎಲ್ಲಾ ಅಂಟಿಸಿ, ಗಮ್ ಕೈಲಿ ಹಿಡ್ಕೊಂಡೇ "ಅಮ್ಮ, ನನ್ ಮೂಗು ಯಾರ್ದು?" ಅಂದ್ಲು. ಮೊದ್ಲಿಂದ ಹೇಳಿ ಬೆಳೆಸಿದ್ವಿ, ಆದ್ರೂ ನನ್ ಬಾಯಿ ಒಣಗೋಯ್ತು. ನೀವೂ ಚಿಕ್ಕಂದಿನಿಂದಾನೇ ಹೇಳ್ಬಿಡಿ, ಅತ್ತೆ ಬಾಯಿಂದ ಮೊದ್ಲು ಕೇಳೋ ಹಾಗೆ ಆಗ್ಬಾರ್ದು.

ಉತ್ತರ 3: ದಾವಣಗೆರೆ ಹುಡುಗ

ನಮ್ಮಪ್ಪ ಎಪಿಎಂಸಿ ಯಾರ್ಡಲ್ಲಿ ಹಮಾಲಿ, ಅವ್ವಗೆ ಸಹಿ ಮಾಡೋಕೂ ಬರಲ್ಲ, ನಾವು ನಾಲ್ಕು ಜನ, ನಾನು ಮೂರನೇಯವ್ನು. ಈಗ ಇಂಜಿನಿಯರ್. ಮೇಲೆ ಮಕ್ಳ ಸಂಖ್ಯೆ ಬಗ್ಗೆ ಓದಿದ ಕೂಡ್ಲೇ ನಮ್ಮಕ್ಕ ನೆನಪಾದ್ಲು. ನನಗಿಂತ ಶಾಣ್ಯಾ ಇದ್ಲು, ಹತ್ತನೇ ಕ್ಲಾಸಿಗೆ ಬಿಡಿಸಿ ಗಾರ್ಮೆಂಟ್ಸಿಗೆ ಕಳಿಸಿದ್ರು, ಅವಳ ಸಂಬಳದಾಗೆ ನಮ್ ಫೀಸ್ ಕಟ್ಟಿದ್ರು. ನಾಲ್ಕು ಮಕ್ಳ ಮನೆ ಅಂದ್ರೆ ಅದು ರೀ.

ಇನ್ನೊಂದು ಹೇಳ್ಬೇಕು. ನಂಗೆ ಕಷ್ಟ ಆಗಿದ್ದು ಪಾಠ ಅಲ್ಲ. ಸಿಇಟಿ ರ‍್ಯಾಂಕ್ ಬಂದಿತ್ತು, ಆಪ್ಷನ್ ಎಂಟ್ರಿ ಅಂದ್ರೆ ಏನು ಅಂತ ಮನೇಲಿ ಕೇಳೋಣ ಅಂದ್ರೆ ಯಾರಿಗೆ ಗೊತ್ತು? ಸೈಬರ್ ಸೆಂಟರ್‌ನಾಗೆ ಹಿಂದೆ ಕ್ಯೂ ಇತ್ತು, ಅವಸರಕ್ಕೆ ಎರಡೇ ಎರಡು ಕಾಲೇಜ್ ಹಾಕಿ ಎದ್ದು ಬಂದೆ, ಬೇಕಾದಷ್ಟು ಹಾಕ್ಬಹುದು ಅಂತ ಗೊತ್ತೇ ಇರ್ಲಿಲ್ಲ. ಮೊದಲ್ನೇ ರೌಂಡಲ್ಲಿ ಸೀಟೇ ಇಲ್ಲ. ಪಕ್ಕದ ಓಣಿ ಟೀಚರ್ ಒಬ್ರು ಮುಂದಿನ ರೌಂಡಿಗೆ ಪಕ್ಕದಲ್ಲಿ ಕೂತ್ಕೊಂಡು ಲಿಸ್ಟ್ ಹಾಕ್ಸಿದ್ರು. ಅಕ್ಕಾರೆ, ನೀವು ಓದಿಲ್ಲ ಅಂದ್ರೂ ಅಂಥೋರು ಒಬ್ರನ್ನ ಈಗ್ಲೇ ಪರಿಚಯ ಮಾಡ್ಕೊಂಡಿರಿ.

ಕೇಳಿದೋರ ಮರು ಉತ್ತರ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಕಾರಾದಲ್ಲೂ ಸೀನಿಯಾರಿಟಿ ಲೆಕ್ಕಾನೇ, ಹಂಗಾದ್ರೆ ನಮ್ದೂ ಲಾಟರಿ ಅನ್ನಿ. ಮೂಗಿನ ವಿಷ್ಯ ಓದಿ ಅತ್ತುಬಿಟ್ಟೆ. ರಾತ್ರಿ ನಮ್ಮೆಜಮಾನ್ರಿಗೆ ಎಲ್ಲಾ ಜೋರಾಗಿ ಓದಿ ಹೇಳ್ದೆ, ನೂರಕ್ಕೆ ಏಳು ಅಂದಾಗ "ಅಷ್ಟೇನಾ" ಅಂತ ಖುಷಿಯಾದ್ರು, ಸಿಗರೇಟ್ ಬಂದಾಗ ಯಾರೋ ಫೋನ್ ಮಾಡ್ತಿದಾರೆ ಅಂತ ಎದ್ದು ಹೊರಗಡೆ ಹೋದ್ರು. ಫೋನ್ ಚಾರ್ಜಿಗೆ ಹಾಕಿದ್ದು ಇಲ್ಲೇ ಇತ್ತು.