ಲಿಂಗನಮಕ್ಕಿ ಹಿನ್ನೀರಿಗೆ ಸೈಕಲ್ ಸುತ್ತು: ಯಾವ ಕಡೆಯಿಂದ ಹೋಗುವುದು? ಅನುಭವ ಇರುವವರು ಹೇಳಿ

ಹೊಸ ಸವಾರ
ಡಿಸೆಂಬರ್ ಕೊನೆಗೆ ನಾನು ಮತ್ತು ನನ್ನ ಹೆಂಡತಿ ಹೊರಡಬೇಕೆಂದಿದ್ದೇವೆ. ಸಾಗರದಿಂದ ಅಂಬಾರಗೊಡ್ಲು, ಹೊಸ ಸೇತುವೆ, ತುಮರಿ, ಬ್ಯಾಕೋಡು, ಕೋಗಾರು, ಕಾರ್ಗಲ್, ಜೋಗ, ತಾಳಗುಪ್ಪ, ಮತ್ತೆ ಸಾಗರ. ಇಲ್ಲವೆಂದರೆ ಬ್ಯಾಕೋಡಿನಿಂದ ದಕ್ಷಿಣಕ್ಕೆ ತಿರುಗಿ ನಿಟ್ಟೂರು, ನಗರ, ಹೊಸನಗರದ ಮೇಲೆ ಮರಳುವುದು. ಟೈರ್ 32 ಮಿ.ಮೀ., ಹಿಂದೆ ಎರಡು ಚೀಲ. ಅವಳಿಗೆ ಉದ್ದದ ಏರು ಅಭ್ಯಾಸವಿಲ್ಲ. ಯಾವುದು ಒಳ್ಳೆಯದು?

ಹಳೇ ಉಕ್ಕು
ಕೋಗಾರಿನ ಕಡೆ ಹೋಗಿ. ನಾನು ಹೋಗಿದ್ದು ಅದೇ ದಾರಿ, ಅದನ್ನೇ ಮತ್ತೆ ಆರಿಸುತ್ತೇನೆ. ಆದರೆ ಚಕ್ರ ಸರಿಯಾಗಿ ಕಟ್ಟಿಸಿಕೊಂಡು ಹೋಗಿ. ಬ್ಯಾಕೋಡು ದಾಟಿದ ಮೇಲೆ ಹಿಂಚಕ್ರದಲ್ಲಿ ಟಣ್ ಎಂದಿತು. ಬಲಗಡೆಯ ಕಡ್ಡಿ (ಸ್ಪೋಕ್), ಕ್ಯಾಸೆಟ್ ಎಂಬ ಗೇರಿನ ಹಲ್ಲುಚಕ್ರಗಳ ಗೊಂಚಲು ಇರುವ ಬದಿ. ಆ ಬದಿಯ ಕಡ್ಡಿಗಳಿಗೆ ಬಿಗುವು ಹೆಚ್ಚು. ಚೀಲದಲ್ಲಿ ಬಿಡಿ ಕಡ್ಡಿಗಳಿದ್ದವು, ಆದರೆ ಕ್ಯಾಸೆಟ್ ಬಿಚ್ಚುವ ಸಾಧನ ಇಲ್ಲದೆ ಅವನ್ನು ಏರಿಸುವುದು ಎಲ್ಲಿಂದ? ರಿಮ್ ಸೊಟ್ಟಗಾಗಿ ಬ್ರೇಕ್ ಪ್ಯಾಡಿಗೆ ಒರೆಯತೊಡಗಿತು. ಹಿಂದಿನ ಬ್ರೇಕನ್ನೇ ಬಿಚ್ಚಿಟ್ಟು, ಮುಂದಿನದೊಂದನ್ನು ನಂಬಿ ಕಾರ್ಗಲ್ ತನಕ ಬಂದೆ. ದಾರಿಯಲ್ಲಿ ಇನ್ನೊಂದು ಕಡ್ಡಿ ಹೋಯಿತು. ಅಲ್ಲಿಂದ ಗೂಡ್ಸ್ ಆಟೋ, ಸಾಗರದವರೆಗೆ 1,400 ರೂಪಾಯಿ. ಚಕ್ರ ಮರುಕಟ್ಟುವಿಕೆಗೆ 650. ಕಡ್ಡಿಗಳ ಬೆಲೆ ಬೇರೆ. ಸಾಧನ ತರಿಸಿಕೊಂಡಿದ್ದು 380. ಇವತ್ತಿಗೂ ಆ ಸಾಧನ ಸೀಟಿನ ಕೆಳಗಿನ ಚೀಲದಲ್ಲೇ ಇದೆ.

ಉಕ್ಕಿನ ಚೌಕಟ್ಟು, 36 ಕಡ್ಡಿಯ ಚಕ್ರ. ಇದಕ್ಕಿಂತ ಕಡಿಮೆ ಇಟ್ಟುಕೊಂಡು ಹೊರೆ ಹೊರುವವರಿಗೆ ನನ್ನ ಬಳಿ ಮಾತಿಲ್ಲ.

ಗ್ರಾಂ ಲೆಕ್ಕ
36 ಕಡ್ಡಿಯ ಚಕ್ರ ಮುರಿದುಕೊಂಡವರೇ 36 ಕಡ್ಡಿ ಬೇಕು ಎನ್ನುತ್ತಿದ್ದಾರಲ್ಲ! ನನ್ನದು 24 ಕಡ್ಡಿ, ಕಾರ್ಬನ್ ಚೌಕಟ್ಟು. ಚೀಲ ಚಕ್ರದ ಮೇಲಲ್ಲ, ಚೌಕಟ್ಟಿನೊಳಗೆ ಮತ್ತು ಸೀಟಿನ ಹಿಂದೆ. ದಕ್ಷಿಣದ ಸುತ್ತನ್ನು ಹೀಗೇ ಮುಗಿಸಿದೆ, ಒಂದು ಕಡ್ಡಿಯೂ ಸದ್ದು ಮಾಡಲಿಲ್ಲ.

ನೆನಪಿಡಬೇಕಾದ್ದು ಬೇರೆ. ಭೂಪಟದಲ್ಲಿ ಹಿನ್ನೀರಿನ ಅಂಚು ಸಪಾಟಾಗಿ ಕಾಣುತ್ತದೆ. ರಸ್ತೆ ಅಂಚಿನಲ್ಲಿ ಹೋಗುವುದಿಲ್ಲ. ಮುಳುಗಿದ್ದು ಕಣಿವೆಗಳು, ಉಳಿದದ್ದು ಗುಡ್ಡದ ನೆತ್ತಿಗಳು. ಪ್ರತಿ ಹಳ್ಳಕ್ಕೂ ಇಳಿಯಬೇಕು, ಮೋರಿ ದಾಟಬೇಕು, ಮತ್ತೆ ಹತ್ತಬೇಕು. ಯಾವ ಏರೂ ದೊಡ್ಡದಲ್ಲ, ಯಾವುದೂ ಮುಗಿಯುವುದೂ ಇಲ್ಲ. ಮುಂದೆ 30, ಹಿಂದೆ 34 ಹಲ್ಲಿನ ಗೇರ್ ಇಲ್ಲದವರ ಮೊಣಕಾಲು ಸಂಜೆಗೆ ಲೆಕ್ಕ ಕೇಳುತ್ತದೆ. ನಗರದಲ್ಲಿ ಬಿದನೂರಿನ ಕೋಟೆ ಹತ್ತಿ ಕುಳಿತಾಗಲೇ ನನ್ನ ಉಸಿರು ಹದಕ್ಕೆ ಬಂದದ್ದು.

ನನಗೆ ತಗುಲಿದ ಖರ್ಚೆಂದರೆ ಡಿಸ್ಕ್ ಬ್ರೇಕಿನ ಪ್ಯಾಡ್. ಹಿಂದಿನ ದಿನ ಅಕಾಲದ ಮಳೆ ಬಿದ್ದಿತ್ತು. ಕೆಂಪು ಮಣ್ಣಿನ ಕೆಸರು ಉಪ್ಪುಕಾಗದ ಉಜ್ಜಿದ ಹಾಗೆ ಪ್ಯಾಡನ್ನು ತಿಂದುಹಾಕಿತು. ಎರಡು ಜೊತೆಗೆ 1,960 ರೂಪಾಯಿ, ಅದೂ ಕೊರಿಯರ್‌ನಲ್ಲಿ ಬರಬೇಕಾಯಿತು.

ಲಾಂಚ್ ಪ್ರೇಮಿ
ನೀವೆಲ್ಲ ಕಡ್ಡಿ, ಪ್ಯಾಡ್ ಎಂದು ಕುಳಿತಿದ್ದೀರಿ. ಈ ಸುತ್ತಿನ ಜೀವ ಇದ್ದದ್ದೇ ಹೊಳೆಬಾಗಿಲಿನ ಲಾಂಚ್‌ನಲ್ಲಿ. ಸೈಕಲ್ಲನ್ನು ಕಂಬಿಗೆ ಒರಗಿಸಿ, ಜೀಪು, ಬೈಕು, ಸಿಗಂದೂರಿನ ಭಕ್ತರ ನಡುವೆ ನಿಂತು ದಾಟುತ್ತಿದ್ದೆವು. ಎರಡೂ ಬದಿಗೆ ನೀರು, ನಡುವೆ ತಲೆ ಎತ್ತಿದ ಬೋಳು ಮರಗಳು. 2025ರ ಜುಲೈನಲ್ಲಿ ಸೇತುವೆ ತೆರೆಯಿತು, ಸರದಿ ಮುಗಿಯಿತು, ಸುಖವೂ ಮುಗಿಯಿತು. ಈಗ ಎರಡು ಕಿಲೋಮೀಟರಿಗೂ ಉದ್ದದ ಕಾಂಕ್ರೀಟಿನ ಮೇಲೆ ಕಾರುಗಳ ಜೊತೆ ತುಳಿಯುವುದು. ನಡುವಿನಲ್ಲಿ ಅಡ್ಡಗಾಳಿ ಹೊಡೆದಾಗ ನನ್ನ ಮುಂದಿನ ಚೀಲಗಳು ಹ್ಯಾಂಡಲನ್ನೇ ಎಳೆದವು. ವಾರದ ಕೊನೆಯಲ್ಲಂತೂ ಜನ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಬೆಳಗ್ಗೆ ಬೇಗ ದಾಟಿಬಿಡಿ.

ಕರೂರು ಹೋಬಳಿ
ಲಾಂಚ್‌ನ ಸುಖದ ಬಗ್ಗೆ ಬರೆದವರು ರಾತ್ರಿ ಹೊತ್ತಿನಲ್ಲಿ ಹೆರಿಗೆ ನೋವಿನವರನ್ನು ಕರೆದುಕೊಂಡು ಆ ದಡದಲ್ಲಿ ನಿಂತಿದ್ದೀರಾ? ಕೊನೆಯ ಲಾಂಚ್ ಹೋದ ಮೇಲೆ ಸಾಗರಕ್ಕೆ ಇದ್ದದ್ದು ಕೋಗಾರು, ಕಾರ್ಗಲ್ ಸುತ್ತಿನ ದಾರಿ. ನೀವು ಮೋಜಿಗೆ ತುಳಿಯುವ ಇದೇ ದಾರಿ. ಬೇಸಿಗೆಯಲ್ಲಿ ನೀರು ತಳ ಕಂಡರೆ ಲಾಂಚ್‌ಗೆ ವಾಹನ ಹತ್ತಿಸುತ್ತಿರಲಿಲ್ಲ. 1964ರಲ್ಲಿ ಅಣೆಕಟ್ಟು ಆದಾಗ ನಮ್ಮ ಅಜ್ಜನ ಗದ್ದೆ ನೀರಿನಡಿ ಹೋಯಿತು. ನಾಡಿಗೆಲ್ಲ ದೀಪ ಹತ್ತಿತು, ನಮಗೆ ಒಂದು ಸೇತುವೆಗೆ ಅರವತ್ತು ವರ್ಷ ಹಿಡಿಯಿತು. ನೀವು ನೋಡಿದ ಬೋಳು ಮರ ಯಾರದೋ ಹಿತ್ತಿಲಿನದು.

ಸೈಕಲ್ಲಿನವರು ಬರಲಿ, ಬೇಡ ಎನ್ನುವುದಿಲ್ಲ. ಆದರೆ ಅಡಿಕೆ ಒಣಗಿಸಿದ ಅಂಗಳಕ್ಕೆ ಹೇಳದೆ ಕೇಳದೆ ನುಗ್ಗಿ ನೀರು ಕೇಳುವಾಗ, ಕ್ಯಾಮೆರಾವನ್ನು ಹೆಲ್ಮೆಟ್ಟಿನಿಂದ ಬಿಚ್ಚಿಡಿ.

ಲಾಂಚ್ ಪ್ರೇಮಿ
ಸೇತುವೆ ಬೇಡವಿತ್ತು ಎಂದು ನಾನು ಎಲ್ಲಿ ಬರೆದಿದ್ದೇನೆ? ಸವಾರಿಯ ಮಾತು ನಡೆಯುವಾಗ ಸವಾರಿಯ ಮಾತನ್ನು ಆಡಿದೆ.

ಕರೂರು ಹೋಬಳಿ
"ಸುಖವೂ ಮುಗಿಯಿತು" ಎಂದಿದ್ದೀರಿ. ಮೇಲೆಯೇ ಇದೆ, ಓದಿಕೊಳ್ಳಿ.

ಉಣುಗಿನ ಭಯ
ಡಿಸೆಂಬರ್ ಕೊನೆ ಎಂದರೆ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಕಾಲ ಶುರು. ಯಾರೂ ಇದನ್ನು ಎತ್ತಲಿಲ್ಲ, ಆಶ್ಚರ್ಯ. 1957ರಲ್ಲಿ ಇದು ಪತ್ತೆಯಾದದ್ದೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. 2018ರ ಕೊನೆಯಿಂದ 2019ರವರೆಗೆ ಕಾರ್ಗಲ್ ಹತ್ತಿರದ ಅರಳಗೋಡಿನಲ್ಲಿ ಜನ ಸತ್ತರು. ನೀವು ಹೊರಟಿರುವ ದಾರಿ ಅದರ ಬಗಲಲ್ಲೇ ಹಾಯುತ್ತದೆ. ಹಳೆಯ ಲಸಿಕೆಯನ್ನು ಕೊಡುವುದೂ ನಿಲ್ಲಿಸಿದ್ದಾರೆ.

ನನಗೆ ಆದದ್ದು ಕೇಳಿ. ಊಟದ ಹೊತ್ತಿಗೆ ರಸ್ತೆ ಬದಿಯ ದರಗಿನ (ಉದುರಿದ ಒಣ ಎಲೆ) ಮೇಲೆ ಅಂಗಾತ ಮಲಗಿದೆ, ಅಷ್ಟೆ. ಸಂಜೆ ಸ್ನಾನಕ್ಕೆ ಹೋದಾಗ ಸೊಂಟದ ಪಟ್ಟಿಯ ಕೆಳಗೆ ಎಳ್ಳಿಗಿಂತ ಸಣ್ಣ ಉಣುಗುಗಳು. ಚಿಮುಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರವಾಗಿ ಎಳೆದೆ, ಹಿಚುಕಲಿಲ್ಲ. ಆಮೇಲೆ ಜ್ವರ ಬರುತ್ತದೋ ಎಂದು ಥರ್ಮಾಮೀಟರ್ ಹಿಡಿದೇ ಕಾದೆ. ಜ್ವರ ಬಂತು! ರಕ್ತ ಪರೀಕ್ಷೆ, ವೈದ್ಯರು, ರಜೆ, ಹೋಗಿ ಬರುವ ಖರ್ಚು ಎಲ್ಲ ಸೇರಿ 5,200 ರೂಪಾಯಿ. ಕೊನೆಗೆ ಅದು ಬರೀ ಶೀತಜ್ವರ. ಆ ದಿನಗಳಲ್ಲಿ ಮನೆಯವರು ನನ್ನನ್ನು ನೋಡಿದ ನೋಟಕ್ಕೆ ಬೆಲೆ ಕಟ್ಟಲಾರೆ.

ದರಗಿನ ಮೇಲೆ ಕೂರಬೇಡಿ. ಉದ್ದ ಕಾಲುಚೀಲ ಹಾಕಿ. ಉಣುಗು ಹತ್ತದಂತೆ ತಡೆಯುವ ಡಿಪಾ ತೈಲ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಮಡೆನೂರು ಹುಚ್ಚು
ಇಷ್ಟು ಹೆದರಿಸಿದರೆ ಯಾರೂ ಮನೆ ಬಿಟ್ಟು ಹೊರಡುವುದಿಲ್ಲ. ನಾನು ಹೋಗುವುದೇ ಬೇಸಿಗೆಯಲ್ಲಿ. ಹಿನ್ನೀರು ಇಳಿದಾಗ ಮಾತ್ರ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ. ಲಿಂಗನಮಕ್ಕಿಗೂ ಮೊದಲು ಶರಾವತಿಯನ್ನು ಹಿಡಿದು ನಿಲ್ಲಿಸಿದ್ದು ಅದು. ಹೆಚ್ಚುವರಿ ನೀರನ್ನು ಹೊರಬಿಡುತ್ತಿದ್ದ ಅದರ ಸೈಫನ್‌ಗಳ ಗಾರೆ ವರ್ಷದ ಬಹುಪಾಲು ನೀರಿನಡಿ ಇದ್ದೂ ಹಾಗೆಯೇ ನಿಂತಿದೆ. ಕೈಯಿಟ್ಟು ನೋಡಿದೆ, ಬೆರಳಿಗೆ ಒಂದು ಕಣವೂ ಉದುರಿ ಬರಲಿಲ್ಲ. ಡಿಸೆಂಬರ್‌ನಲ್ಲಿ ಹೋದವರು ನೋಡುವುದು ಬರೀ ನೀರು.

ಒಣಗಿದ ಹಾಗೆ ಕಾಣುವ ಹೂಳನ್ನು ಮಾತ್ರ ನಂಬಬೇಡಿ. ಮೇಲೆ ಬಿರುಕು, ಕೆಳಗೆ ಅಂಟು. ಮುಂಚಕ್ರ ಅಚ್ಚಿನವರೆಗೆ ಇಳಿಯಿತು. ಕೆಸರು ಹಿಂದಿನ ಡಿರೇಲರ್‌ನಲ್ಲಿ (ಗೇರ್ ಬದಲಿಸುವ ಭಾಗ) ಗಟ್ಟಿಯಾಗಿ, ಒಂದು ತುಳಿತಕ್ಕೆ ಅದನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಲಟಕ್ಕೆಂದು ಮುರಿಯಿತು. ಬಿಡಿ ಹ್ಯಾಂಗರ್ 700 ರೂಪಾಯಿ, ಡಿರೇಲರ್ 2,350. ಸರಪಳಿ ಗಿಡ್ಡ ಮಾಡಿ ಒಂದೇ ಗೇರಿನಲ್ಲಿ ಬಸ್ಸಿನ ದಾರಿಗೆ ಹಿಂತಿರುಗಿದೆ. ಖಾಸಗಿ ಬಸ್ಸೊಂದರವರು ಸೈಕಲ್ಲಿಗೆ ಎರಡು ಟಿಕೆಟ್ಟಿನ ದುಡ್ಡು ಕೇಳಿ, ಮೇಲೆ ಹಾಕುವಾಗ ಕನ್ನಡಿಯನ್ನೂ ಮುರಿದರು.

ಉಣುಗಿನ ಭಯ
ಬೇಸಿಗೆಯಲ್ಲಿ ಹೋಗಿ ಎಂದು ಹೊಸಬರಿಗೆ ಹೇಳುವುದು ಬೇಜವಾಬ್ದಾರಿ. ಮೇ ತಿಂಗಳವರೆಗೂ ಆ ಕಾಯಿಲೆ ಇರುತ್ತದೆ.

ಮಡೆನೂರು ಹುಚ್ಚು
ಹೂಳಿನ ಮೇಲೆ ದರಗೆಲ್ಲಿದೆ ಮಾರಾಯರೇ? ನಿಮ್ಮ ಶೀತಜ್ವರದ ಬಿಲ್ಲನ್ನು ಊರ ಮೇಲೆ ಹೊರಿಸಬೇಡಿ.

ಉಣುಗಿನ ಭಯ
ಹೂಳಿಗೆ ನೀವು ಆಕಾಶದಿಂದ ಇಳಿದಿರಾ? ಕಾಡು ದಾಟದೆ ಅಲ್ಲಿಗೆ ದಾರಿಯಿಲ್ಲ.

ಹೊಸ ಸವಾರ
ಎಲ್ಲರಿಗೂ ಧನ್ಯವಾದ. ಹೆಂಡತಿಗೆ ಯಾವ ದಿಕ್ಕು ಸುಲಭ ಎಂದು ಯಾರಾದರೂ ಹೇಳಬಹುದೇ? ಕೋಗಾರು ಕಡೆ ಟೆಂಟ್ ಹಾಕಬಹುದೇ?

ಗ್ರಾಂ ಲೆಕ್ಕ
ಟೆಂಟ್ ಬೇಡ. ಅಲ್ಲಿ ಬಹುಪಾಲು ಶರಾವತಿ ಕಣಿವೆ ಅಭಯಾರಣ್ಯ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಉಳಿಯುವಂತಿಲ್ಲ. ಮೊಬೈಲ್ ಸಿಗ್ನಲ್ಲನ್ನೂ ನೆಚ್ಚಿಕೊಳ್ಳಬೇಡಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಇನ್ನು ನಿಮ್ಮ ಹೆಂಡತಿಯ ಏರಿನ ವಿಷಯ: ಹೊರೆಯನ್ನು ಅರ್ಧಕ್ಕೆ ಇಳಿಸಿ. ಕಾರ್ಬನ್ ಎಂದರೆ ಇಲ್ಲಿ ಕೆಲವರಿಗೆ ಉರಿಯುತ್ತದೆ, ಆದರೆ ಮೂರು ಕಿಲೋ ಕಡಿಮೆ ಎಂದರೆ ಮೂರು ಕಿಲೋ ಕಡಿಮೆಯೇ.

ಹಳೇ ಉಕ್ಕು
ಆ ಮೂರು ಕಿಲೋವನ್ನು ಸವಾರನ ಹೊಟ್ಟೆಯಿಂದ ಇಳಿಸಿದರೆ ಲಕ್ಷ ರೂಪಾಯಿ ಉಳಿಯುತ್ತದೆ. ಕಾರ್ಬನ್ ಬಿರುಕು ಬಿಟ್ಟರೆ ಬ್ಯಾಕೋಡಿನಲ್ಲಿ ಯಾರು ಬೆಸೆಯುತ್ತಾರೆ? ಉಕ್ಕನ್ನು ಗೇಟು ಮಾಡುವವರೂ ಬೆಸೆದು ಕೊಡುತ್ತಾರೆ.

ಗ್ರಾಂ ಲೆಕ್ಕ
ನಿಮ್ಮದು ಬೆಸೆದದ್ದಲ್ಲ, ಗೂಡ್ಸ್ ಆಟೋದಲ್ಲಿ ಬಂದದ್ದು.

ಕರೂರು ಹೋಬಳಿ
ಹೊಸ ಸವಾರರೇ, ಇವರಿಬ್ಬರ ಜಗಳ ಮುಗಿಯುವುದಿಲ್ಲ. ಹೆಂಡತಿಯನ್ನು ಕರೆದುಕೊಂಡು ಸಾಗರದಿಂದ ಸೇತುವೆ ದಾಟಿ ತುಮರಿಗೆ ಬನ್ನಿ. ಅಲ್ಲಿ ಉಳಿದು, ಅವರ ಕಾಲು ಏನು ಹೇಳುತ್ತದೆ ನೋಡಿ. ಆಗದಿದ್ದರೆ ಬಂದ ದಾರಿಯಲ್ಲೇ ಹಿಂತಿರುಗಿ, ಈಗ ಲಾಂಚ್ ಕಾಯಬೇಕಿಲ್ಲ. ಪಂಕ್ಚರ್ ಸಾಮಾನನ್ನು ಸಾಗರದಲ್ಲೇ ಕೊಳ್ಳಿ. ಸೈಕಲ್ಲಿನ ಸಣ್ಣ ವಾಲ್ವಿನ ಟ್ಯೂಬ್ ಈ ಕಡೆ ಎಲ್ಲೂ ಸಿಗುವುದಿಲ್ಲ.

ಹಳೇ ಉಕ್ಕು
ಅದಕ್ಕೇ ದಪ್ಪ ವಾಲ್ವ್ ಹಾಕಿಸಿಕೊಳ್ಳಿ ಎನ್ನುವುದು. ಬೈಕಿನ ಅಂಗಡಿಯಲ್ಲೂ ಗಾಳಿ ಸಿಗುತ್ತದೆ.

ಗ್ರಾಂ ಲೆಕ್ಕ
ಈಗ ವಾಲ್ವಿಗೆ ಬಂದರು.